ಮಹಾಮಾರಿಯ ಕಾಲದಲ್ಲಿ ಕ್ಷೇತ್ರ ಕಾರ್ಯಕರ್ತರು



ರೋಗವನ್ನು ಕುರಿತ ಅಂಕಿಅಂಶಗಳು ಪ್ರಯೋಗಾಲಯದಲ್ಲಿ ಮಾತ್ರ ಹುಟ್ಟುವುದಿಲ್ಲ. ಮನೆಮನೆಗೆ ನಡೆದುಹೋಗುವ ಕ್ಷೇತ್ರ ಕಾರ್ಯಕರ್ತರ ಪರಿಶ್ರಮವೇ ಅವುಗಳ ತಳಹದಿ.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಲಕ್ಷಣಗಳಿಲ್ಲದ ಸೋಂಕು ಲೆಕ್ಕಕ್ಕೆ ಸಿಗುವುದಿಲ್ಲ. ಆದಕಾರಣ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಮೇ 11ರಿಂದ ಜೂನ್ 4ರವರೆಗೆ 21 ರಾಜ್ಯಗಳ 70 ಜಿಲ್ಲೆಗಳಲ್ಲಿ ಕೋವಿಡ್ ಕುರಿತ ಪ್ರಥಮ ರಾಷ್ಟ್ರೀಯ ರಕ್ತ ಸಮೀಕ್ಷೆಯನ್ನು ಕೈಗೊಂಡಿತು. 28,000 ವಯಸ್ಕರ ರಕ್ತದ ಮಾದರಿಗಳು ಕೆಡದಂತೆ ಚೆನ್ನೈನ ಪ್ರಯೋಗಾಲಯವನ್ನು ಸೇರಬೇಕಾಗಿದ್ದವು.

ಬೇಸಿಗೆಯ ತಾಪ, ಮೈಮುಚ್ಚುವ ರಕ್ಷಾಕವಚ, ಸಂಚಾರದ ನಿರ್ಬಂಧ, ಸೋಂಕನ್ನು ಸ್ವಂತ ಮನೆಗೆ ಒಯ್ಯುವ ಭೀತಿ ಇವೆಲ್ಲವೂ ಕಾರ್ಯಕರ್ತರ ಕಷ್ಟಗಳೇ. ಅವೆಲ್ಲಕ್ಕಿಂತ ಕಠಿಣವಾದುದು ಜನರ ಸಂದೇಹ. ಮುಖವೇ ಕಾಣದ ಅಪರಿಚಿತರು ರಕ್ತ ಕೇಳಿದಾಗ ಬಾಗಿಲು ಮುಚ್ಚುವುದು ಸಹಜ. ಒತ್ತಾಯಿಸುವಂತಿಲ್ಲ, ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು. ಆದರೆ ನಿರಾಕರಿಸಿದವರೆಲ್ಲ ಒಂದೇ ವರ್ಗದವರಾದರೆ ಸಮೀಕ್ಷೆಯ ಫಲಿತಾಂಶವೇ ಓರೆಯಾಗುತ್ತದೆ. ಆದ್ದರಿಂದ ಸ್ಥಳೀಯ ಭಾಷೆಯಲ್ಲಿ, ತಾಳ್ಮೆಯಿಂದ ವಿವರಿಸುವುದೂ ವಿಜ್ಞಾನದ ಭಾಗವೇ ಸರಿ.

ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ಹಲ್ಲೆಗಳ ಹಿನ್ನೆಲೆಯಲ್ಲಿ 2020ರ ಏಪ್ರಿಲ್ 22ರಂದು ಹೊರಡಿಸಿದ ಸುಗ್ರೀವಾಜ್ಞೆಯು ಅಂತಹ ಕೃತ್ಯಗಳನ್ನು ಜಾಮೀನುರಹಿತ ಅಪರಾಧವೆಂದು ಸಾರಿತು. ಅದೇ ವರ್ಷ ಅದು ಕಾಯಿದೆಯಾಯಿತು. ಕಾನೂನು ದೇಹವನ್ನು ರಕ್ಷಿಸಬಲ್ಲದು. ವಿಶ್ವಾಸವನ್ನು ಜನರೇ ನೀಡಬೇಕು.

ಪ್ರಥಮ ಸಮೀಕ್ಷೆಯಲ್ಲಿ ಸೋಂಕಿಗೆ ಒಳಗಾಗಿದ್ದವರ ಅಂದಾಜು ಪ್ರಮಾಣ ಶೇಕಡಾ 0.73. 2021ರ ಜೂನ್-ಜುಲೈ ತಿಂಗಳ ನಾಲ್ಕನೆಯ ಸುತ್ತಿನಲ್ಲಿ, ಲಸಿಕೆ ಪಡೆದವರೂ ಸೇರಿ, ಶೇಕಡಾ 67.6 ಜನರಲ್ಲಿ ಪ್ರತಿಕಾಯಗಳು ಕಂಡುಬಂದವು. ಈ ಅರಿವು ದೊರೆತದ್ದು ಬಾಗಿಲು ತೆರೆದು ಸಹಕರಿಸಿದ ಕುಟುಂಬಗಳಿಂದ. ಮುಂದೆಯೂ ಸಮೀಕ್ಷೆಯವರು ಬಂದಾಗ ಗುರುತಿನ ಚೀಟಿಯನ್ನು ಪರಿಶೀಲಿಸಿ, ಸಂದೇಹಗಳನ್ನು ಕೇಳಿ ತಿಳಿದು, ಸೌಜನ್ಯದಿಂದ ಉತ್ತರಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.