ಫ್ರೆಂಚ್ ಪ್ರೆಸ್ ಇದ್ಯಾ? ಮೊದಲು ಪುಡಿ ಪಾಕೆಟ್ ತಿರುಗಿಸಿ ನೋಡಿ

ಇವತ್ತು ಕಾಫಿ ವಿಷಯ. ನಿಮ್ಮಲ್ಲಿ ಕೆಲವರ ಮನೇಲಾದ್ರೂ ಒಂದು ಫ್ರೆಂಚ್ ಪ್ರೆಸ್ ಇರುತ್ತೆ. ಗಾಜಿನ ಜಗ್, ಮೇಲಿಂದ ಒತ್ತೋಕೆ ಒಂದು ಜಾಲರಿ. ಯಾರೋ ಗಿಫ್ಟ್ ಕೊಟ್ಟಿರ್ತಾರೆ, ಇಲ್ಲಾ ಆಫರ್‌ನಲ್ಲಿ ತಗೊಂಡಿರ್ತೀರ. ಎರಡು ಸಲ ಮಾಡಿ, ಇದೇನು ಕೆಸರು ನೀರು ಥರ ಇದೆ ಅಂತ ಅಟ್ಟಕ್ಕೆ ಹಾಕಿರ್ತೀರ. ಪಾಪ, ಜಗ್‌ದೇನೂ ತಪ್ಪಿಲ್ಲ. ಒಳಗೆ ಹಾಕಿದ ಪುಡಿ ಬೇರೆ ಕೆಲಸಕ್ಕೆ ಮಾಡಿದ್ದು.

ನಮ್ಮ ಮನೆಗಳಲ್ಲಿ ಇರೋದು ಫಿಲ್ಟರ್ ಕಾಫಿ ಪುಡಿ. ಸಣ್ಣಗೆ ಬೀಸಿರ್ತಾರೆ, ಸಾಮಾನ್ಯವಾಗಿ ಚಿಕೋರಿ ಬೆರೆಸಿರ್ತಾರೆ. ಚಿಕೋರಿ ಕಾಫಿ ಬೀಜವೇ ಅಲ್ಲ, ಹುರಿದ ಬೇರು. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುತ್ತೆ. ಹಾಲು, ಸಕ್ಕರೆ ಜೊತೆ ಚೆನ್ನಾಗೇ ಇರುತ್ತೆ, ನಾನೂ ಬೆಳಗ್ಗೆ ಎದ್ದು ಕುಡಿಯೋದು ಅದನ್ನೇ. ಆದ್ರೆ ಪ್ರೆಸ್‌ಗೆ ಹಾಕಿದ್ರೆ ಬರೀ ಕಹಿ, ತಳದಲ್ಲಿ ಬಗ್ಗಡ.

ಬಿ.ಕಾಂ. ಓದಿದ ತಲೆ ನಂದು, ಲೆಕ್ಕ ನೋಡದೆ ಇರೋಕಾಗಲ್ಲ. ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಯಾವುದು ಎಷ್ಟು ಅಂತ ಪಾಕೆಟ್ ಮೇಲೆ ಬರೆದಿರಬೇಕು. ನಿಮ್ಮ ಪಾಕೆಟ್ ಮೇಲೆ 60:40 ಅಂತಿದ್ರೆ, ಅರ್ಧ ಕೆಜಿಯಲ್ಲಿ 200 ಗ್ರಾಂ ಬೇರು. ಮೋಸ ಏನಲ್ಲ, ಬರೆದೇ ಮಾರ್ತಾರೆ. ನಾವು ಓದಲ್ಲ ಅಷ್ಟೆ. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯೋ ರಾಜ್ಯ ನಮ್ದು. ಆದ್ರೂ ಕೊಡಗು, ಚಿಕ್ಕಮಗಳೂರು, ಹಾಸನದ ಬೀಜದ ರುಚಿ ಏನೂ ಬೆರೆಸದೆ ಹೇಗಿರುತ್ತೆ ಅಂತ ಗೊತ್ತಿಲ್ಲದೇ ಬೆಳೆದವರು ಎಷ್ಟೋ ಜನ. ನನಗೆ ಬೇಜಾರಾಗೋದು ಅಲ್ಲೇ.

ಸರಿ, ಏನ್ ಮಾಡ್ಬೇಕು? ಬೀಜ ಹುರಿದು ಪುಡಿ ಮಾಡಿಕೊಡೋ ಅಂಗಡಿಗೆ ಹೋಗಿ. 'ಪ್ಯೂರ್ ಕಾಫಿ, ಚಿಕೋರಿ ಬೇಡ, ತರಿತರಿಯಾಗಿ ಬೀಸಿ ಕೊಡಿ' ಅನ್ನಿ. ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ರವೆ ಲೆಕ್ಕದಲ್ಲಿ ಹೇಳಿ: ಚಿರೋಟಿ ರವೆ ಅಲ್ಲ, ಉಪ್ಪಿಟ್ಟಿನ ದಪ್ಪ ರವೆ ಥರ. ಒಂದೇ ಸಲ ಕೆಜಿ ತರಬೇಡಿ, ವಾಸನೆ ಹೋಗುತ್ತೆ. 250 ಗ್ರಾಂ ಸಾಕು.

ಇಬ್ಬರಿಗೆ 30 ಗ್ರಾಂ ಪುಡಿ, 450 ಎಂಎಲ್ ನೀರು. ಮೊದಲು ಜಗ್‌ಗೆ ಒಂಚೂರು ಬಿಸಿನೀರು ಹಾಕಿ, ಅಲ್ಲಾಡಿಸಿ ಚೆಲ್ಲಿ. ನೀರು ಕುದಿ ಬಂದ ಮೇಲೆ ಸ್ಟವ್ ಆರಿಸಿ ಅರ್ಧ ನಿಮಿಷ ಬಿಟ್ಟು ಪುಡಿ ಮೇಲೆ ಸುರೀರಿ, ಒಂದ್ಸಲ ಕಲಸಿ, ಮುಚ್ಚಳ ಇಡಿ. 4 ನಿಮಿಷ. ಮೊಬೈಲ್‌ನಲ್ಲಿ ಟೈಮರ್ ಇಡಿ, ರೀಲ್ಸ್ ನೋಡ್ತಾ ಕೂತ್ರೆ 10 ನಿಮಿಷ ಆಗಿರುತ್ತೆ. ಆಮೇಲೆ ನಿಧಾನಕ್ಕೆ ಒತ್ತಿ. ಬಿಗಿಯಾಗಿದ್ರೆ ಪುಡಿ ಸಣ್ಣದಾಗಿದೆ ಅಂತ ಅರ್ಥ. ಬಲ ಹಾಕಬೇಡಿ, ಬಿಸಿ ಕಾಫಿ ಕೈ ಮೇಲೆ ಚಿಮ್ಮುತ್ತೆ. ಮುಖ್ಯವಾದದ್ದು: ಒತ್ತಿದ ತಕ್ಷಣ ಪೂರ್ತಿ ಬಗ್ಗಿಸಿಬಿಡಿ. ಜಗ್‌ನಲ್ಲೇ ಬಿಟ್ರೆ ಪುಡಿ ನೆನೀತಾನೇ ಇರುತ್ತೆ, ಕಹಿ ಏರ್ತಾನೇ ಇರುತ್ತೆ.

ಖರ್ಚು? 250 ಗ್ರಾಂಗೆ 500 ರೂಪಾಯಿ ಅಂದ್ಕೊಳ್ಳಿ. 16 ಕಪ್ ಆಗುತ್ತೆ, ಕಪ್‌ಗೆ 31 ರೂಪಾಯಿ ಚಿಲ್ಲರೆ. ಕೆಫೆ ಬಿಲ್ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತು.

ಹಾಲು ಹಾಕ್ಬಹುದಾ ಅಂತ ಕೇಳ್ತೀರ. ಹಾಕಿ, ಆದ್ರೆ ತೆಳ್ಳಗಾಗುತ್ತೆ. ಗಟ್ಟಿ ಹಾಲಿನ ಕಾಫಿ ಬೇಕಂದ್ರೆ ಅಮ್ಮನ ಸ್ಟೀಲ್ ಫಿಲ್ಟರೇ ಸರಿ, ಅದನ್ನ ಮೀರಿಸೋಕೆ ಹೋಗಬೇಡಿ.

ಇನ್ನೊಂದು ಮಾತು, ಇದನ್ನ ಲೈಟಾಗಿ ತಗೋಬೇಡಿ. ಪ್ರೆಸ್‌ನ ಜಾಲರಿ ಕಾಫಿಯ ಎಣ್ಣೆ ಅಂಶ ತಡೆಯಲ್ಲ. ಅದರಲ್ಲಿರೋ ಕೆಫೆಸ್ಟಾಲ್ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರಿಸುತ್ತೆ. ಪೇಪರ್ ಫಿಲ್ಟರ್ ಅದನ್ನ ಬಹುಪಾಲು ಹಿಡಿದಿಡುತ್ತೆ. ಮನೇಲಿ ಅಪ್ಪಂಗೋ ಅಮ್ಮಂಗೋ ಕೊಲೆಸ್ಟ್ರಾಲ್ ಇದ್ರೆ, ಪ್ರೆಸ್ ಕಾಫಿನ ದಿನಾ ಮೂರು ಸಲ ಕೊಡಬೇಡಿ. ಅವರಿಗೆ ಪೇಪರ್‌ನಲ್ಲಿ ಸೋಸಿ ಕೊಡಿ.

ಹಾಂ, ಉಳಿದ ಚರಟ ಸಿಂಕ್‌ಗೆ ಸುರೀಬೇಡಿ, ಪೈಪ್ ಕಟ್ಟಿಕೊಳ್ಳುತ್ತೆ. ಮುಂದಿನ ವಾರ ಸಿಗೋಣ.