ಕಾದಂಬರಿ ಹೇಗಿತ್ತು?



ಕಾದಂಬರಿಯೊಂದನ್ನು ಓದಿ ಮುಗಿಸಿದ ಗೆಳೆಯರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ‘ಚೆನ್ನಾಗಿತ್ತು’, ‘ಬೋರಾಯಿತು’, ‘ಕೊನೆ ಸರಿಹೋಗಲಿಲ್ಲ’ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ವಿಜ್ಞಾನ ಓದಿದವನು. ಕಾರಣ ಹೇಳದ ಅಭಿಪ್ರಾಯವನ್ನು ಕೇಳಿದಾಗ ನನಗೆ ನೆನಪಾಗುವುದು ಪ್ರಯೋಗದ ವಿವರ ಬಿಟ್ಟು ಫಲಿತಾಂಶವನ್ನಷ್ಟೇ ಬರೆದ ರೆಕಾರ್ಡ್ ಪುಸ್ತಕ. ಫಲಿತಾಂಶ ಸರಿಯಿದ್ದರೂ ಅದಕ್ಕೆ ಅಂಕ ಸಿಗುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಿಮಗೆ ಈ ಮಾತನ್ನು ಹೇಳಲು ವಿಶೇಷ ಕಾರಣವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸ್ತ್ರ ಓದದೆಯೂ ಕಾವ್ಯದ ಮರ್ಮ ಬಲ್ಲವರು ಈ ನಾಡಿನ ಜನ ಎಂದು ಆ ಗ್ರಂಥ ಹೊಗಳುತ್ತದೆ. ಓದುಗನ ಅಭಿಪ್ರಾಯಕ್ಕೆ ಇಷ್ಟು ಹಿಂದೆಯೇ ಮನ್ನಣೆ ಸಿಕ್ಕಿದ ನಾಡು ನಿಮ್ಮದು.

ಉದಾಹರಣೆಗೆ ಪ್ರೇಮವೂ ಕುತೂಹಲವೂ ಕೂಡಿದ ಒಂದು ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಪ್ರಕಟವಾದದ್ದು 1985ರಲ್ಲಿ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲೆನಾಡಿನ ಕೆಸರೂರು ಕಥೆ ನಡೆಯುವ ಊರು. ಅಲ್ಲಿ ಏಲಕ್ಕಿ ಬೆಳೆ ಕುಸಿಯುತ್ತಿದೆ. ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವಿನ ಸುತ್ತ ಅನುಮಾನಗಳಿವೆ. ತನಿಖೆಗೆ ಶ್ಯಾಮನಂದನ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಇದೇ ಊರಿನಲ್ಲಿ ರಫಿ ಮತ್ತು ಜಯಂತಿ ಎಂಬ ಇಬ್ಬರು, ಬೇರೆ ಬೇರೆ ಧರ್ಮದ ಮನೆಗಳಲ್ಲಿ ಹುಟ್ಟಿದವರು, ಪರಸ್ಪರ ಪ್ರೀತಿಸುತ್ತಿದ್ದಾರೆ. ಕೊನೆಯನ್ನು ಹೇಳದೆ ನನ್ನ ಮಾತು ಮುಂದುವರಿಯದು. ಇನ್ನೂ ಓದದವರು ಕ್ಷಮಿಸಬೇಕು. ಕೊನೆಗೆ ಊರನ್ನೇ ಬೆಂಕಿ ಆವರಿಸುತ್ತದೆ. ಬೆಟ್ಟವೇರಿದ ರಫಿ, ಜಯಂತಿ ಉಳಿಯುತ್ತಾರೆ.

ಇಂಥ ಪುಸ್ತಕದ ಬಗ್ಗೆ ಅಭಿಪ್ರಾಯಗಳು ಹೇಗೆ ಒಡೆಯುತ್ತವೆ ನೋಡಿ. ಪತ್ತೇದಾರಿ ಕಥೆಯ ರುಚಿಯುಳ್ಳವನು ‘ಇಷ್ಟೆಲ್ಲ ಓದಿಸಿ ಕೊಲೆಗಾರನನ್ನು ಕಟಕಟೆಗೆ ತಂದು ನಿಲ್ಲಿಸಲಿಲ್ಲವಲ್ಲ’ ಎಂದು ಗೊಣಗುತ್ತಾನೆ. ಪ್ರೇಮಕಥೆ ಬಯಸಿದವಳಿಗೆ ಆ ಇಬ್ಬರಿಗೆ ಸಿಕ್ಕ ಪುಟಗಳು ಸಾಲದು. ಊರಿನ ರಾಜಕೀಯ ಬಲ್ಲವರಿಗೆ ಇದು ನಗಿಸುತ್ತಲೇ ಹೆದರಿಸುವ ಪುಸ್ತಕ. ಮೂವರೂ ಓದಿದ್ದು ಅವೇ ಅಕ್ಷರಗಳನ್ನು. ಆದರೆ ಪುಸ್ತಕ ಬಿಚ್ಚುವಾಗ ಮೂವರ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ ಬೇರೆ.

ಹಾಗಾದರೆ ಎಲ್ಲ ಅಭಿಪ್ರಾಯಗಳೂ ಸಮವೇ? ಇಲ್ಲ. ಪುಸ್ತಕದೊಳಗಿನ ಸಾಕ್ಷ್ಯ ಯಾವುದಕ್ಕೆ ಹೆಚ್ಚಿದೆಯೋ ಅದಕ್ಕೆ ತೂಕ ಹೆಚ್ಚು. ಶೀರ್ಷಿಕೆಯನ್ನೇ ಗಮನಿಸಿ. ತಮಿಳುನಾಡಿನ ಚಿದಂಬರದ ದೇವಾಲಯದಲ್ಲಿ ‘ರಹಸ್ಯ’ವೆಂದು ತೋರಿಸುವಾಗ ಪರದೆ ಸರಿಸುತ್ತಾರೆ. ಒಳಗೆ ವಿಗ್ರಹವಿಲ್ಲ, ಚಿನ್ನದ ಬಿಲ್ವಪತ್ರೆಯ ಸರಗಳು, ಅವುಗಳ ಹಿಂದೆ ಬಯಲು. ಇದನ್ನು ತಿಳಿದವನು ‘ರಹಸ್ಯ ಬಿಡಿಸಲಿಲ್ಲ’ ಎಂಬ ದೂರನ್ನು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಒಬ್ಬ ಕೊಲೆಗಾರನನ್ನು ಹುಡುಕುತ್ತಾ ಹೋದವರಿಗೆ ಇಡೀ ಊರಿನ ದ್ವೇಷ, ದುರಾಸೆ, ನಿರ್ಲಕ್ಷ್ಯವೇ ಕಾಣುತ್ತದೆ. ಹೀಗೆ ವಾದಿಸಿದ ಮೇಲೂ ‘ನನಗೆ ಕೊನೆ ಹಿಡಿಸಲಿಲ್ಲ’ ಎನ್ನುವ ಹಕ್ಕು ನಿಮಗಿದೆ. ಆಗ ಅದು ಕಾರಣಸಹಿತವಾದ ಅಭಿಪ್ರಾಯ.

ಓದುಗ ನಿಂತಿರುವ ನೆಲವೂ ಓದಿನೊಳಗೆ ಬರುತ್ತದೆ. ಏಲಕ್ಕಿ ತೋಟ ಕಾಣದ ನಮಗೇಕೆ ಈ ಕಥೆ ಎಂದು ನೀವು ಕೇಳಬಹುದು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತದ ಸೀಮೆಯಾಯಿತು. ಆದರೆ ನೀರು ನಿಂತ ಹೊಲಗಳಲ್ಲಿ ಕ್ರಮೇಣ ಸವುಳು ಏರಿ ಇಳುವರಿ ಇಳಿಯಿತು. ಆ ಹೊಲದ ಮನೆಯ ಹುಡುಗನಿಗೆ ‘ಬೆಳೆ ಏಕೆ ಕುಸಿಯಿತು?’ ಎಂಬುದು ಕೊಲೆಯಷ್ಟೇ ಕುತೂಹಲದ ಪ್ರಶ್ನೆ. ಕಾದಂಬರಿಯಲ್ಲಿ ಕಾಡು ಕಡಿದಲ್ಲೆಲ್ಲ ಹಬ್ಬುವ ಲಂಟಾನವನ್ನು ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ವಿದ್ಯಾರ್ಥಿ ತನ್ನೂರಿನ ಬಳ್ಳಾರಿ ಜಾಲಿಯ ಜೊತೆ ಹೋಲಿಸಬಲ್ಲ. ಎರಡೂ ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇರೂರಿದ ಗಿಡಗಳೇ. ಇಂಥ ಓದನ್ನು ಮೂಡಿಗೆರೆಯ ಓದುಗ ಕೊಡಲಾರ, ನೀವೇ ಕೊಡಬೇಕು.

ಇನ್ನು ಕಷ್ಟದ ವಿಷಯ. ರಫಿ, ಜಯಂತಿಯರ ಪ್ರಸಂಗ ಬಂದಾಗ ತರಗತಿ ಮೌನವಾಗುವುದುಂಟು. ಕೆಲವರು ಪುಸ್ತಕವನ್ನು ಬಿಟ್ಟು, ತಮ್ಮ ಓಣಿಯಲ್ಲಿ ಕೇಳಿದ ಮಾತನ್ನೇ ಅಭಿಪ್ರಾಯವೆಂದು ಒಪ್ಪಿಸುತ್ತಾರೆ. ಮಾತಾಡಬೇಕೆನಿಸಿದ ಹುಡುಗಿ, ‘ಯಾರೇನು ಅಂದಾರು’ ಎಂದು ತಲೆ ತಗ್ಗಿಸುತ್ತಾಳೆ. ಇಲ್ಲಿ ಎಚ್ಚರ ಬೇಕು. ಕಾದಂಬರಿಯ ಪಾತ್ರವನ್ನು ಮೆಚ್ಚಿದವರ ನಡತೆಯನ್ನು ಅಳೆಯುವುದು ವಿಮರ್ಶೆಯಾಗದು. ಆ ಇಬ್ಬರನ್ನು ಲೇಖಕರು ಏಕೆ ಉಳಿಸಿದರು, ಉಳಿದ ಮೇಲೆ ಅವರು ಎಲ್ಲಿಗೆ ಹೋಗಬೇಕು ಎಂದು ಕೇಳಿ. ಉತ್ತರ ಹುಡುಕಲು ಪುಟಗಳನ್ನು ಹಿಂದಕ್ಕೆ ತಿರುವಲೇಬೇಕಾಗುತ್ತದೆ. ಬೆಂಕಿ ಒಂದೇ ದಿನದಲ್ಲಿ ಹೊತ್ತಿದ್ದಲ್ಲವೆಂಬುದು ಆಗ ಗೊತ್ತಾಗುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳದ ಊರು ಏನಾಗುತ್ತದೆ ಎಂಬುದೂ ಆ ಕಥೆಯಲ್ಲಿದೆ.

ನಮ್ಮ ಕಿರುತೆರೆಯ ಬಗ್ಗೆಯೂ ಒಂದು ಮಾತು. ಗಿರೀಶ ಕಾರ್ನಾಡರು ಈ ಕೃತಿಯನ್ನು ದೂರದರ್ಶನಕ್ಕಾಗಿ ಚಿತ್ರವಾಗಿಸಿದ್ದರು. ತೆರೆಯ ಮೇಲೆ ಕುತೂಹಲದ ವೇಗವನ್ನು ನಾವು, ನಿರ್ಮಾಪಕರು ಮತ್ತು ನಿರ್ದೇಶಕರು, ನಿರ್ಧರಿಸುತ್ತೇವೆ. ಪುಸ್ತಕದಲ್ಲಿ ಆ ವೇಗ ನಿಮ್ಮ ಬೆರಳ ತುದಿಯಲ್ಲಿದೆ. ಅನುಮಾನ ಬಂದ ಸಾಲಿನ ಬಳಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು. ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಿ.

ಕೊನೆಯದಾಗಿ ಒಂದು ಸುಲಭ ಪ್ರಯೋಗ. ಯಾವುದೇ ಕುತೂಹಲದ ಕಾದಂಬರಿಯನ್ನು ಅರ್ಧ ಓದಿದಾಗ ನಿಲ್ಲಿಸಿ. ಮುಂದೇನಾಗಬಹುದು, ಯಾರ ಮೇಲೆ ನಿಮ್ಮ ಅನುಮಾನ, ಏಕೆ ಎಂದು ನಾಲ್ಕು ಸಾಲು ಬರೆದು ತಾರೀಖು ಹಾಕಿ. ಪುಸ್ತಕ ಮುಗಿದ ಮೇಲೆ ಅದನ್ನು ತೆಗೆದು ನೋಡಿ. ಊಹೆ ತಪ್ಪಿದ್ದರೆ ಲೇಖಕರು ನಿಮ್ಮನ್ನು ಎಲ್ಲಿ ದಾರಿ ತಪ್ಪಿಸಿದರು, ಅದು ನ್ಯಾಯವಾಗಿತ್ತೇ ಎಂದು ಪರೀಕ್ಷಿಸಿ. ನಂತರ ಅದೇ ಪುಸ್ತಕ ಓದಿದ, ನಿಮ್ಮ ಮಾತನ್ನು ಒಪ್ಪದ ಒಬ್ಬರ ಜೊತೆ ಕುಳಿತು ಚರ್ಚಿಸಿ. ಗ್ರಂಥಾಲಯದ ಒಂದೇ ಪ್ರತಿ ಹತ್ತು ಕೈ ದಾಟಿ ಬಂದರೂ ಚಿಂತೆಯಿಲ್ಲ. ಹತ್ತು ಜನರ ಅಭಿಪ್ರಾಯ ಒಂದು ನೋಟ್ ಪುಸ್ತಕದಲ್ಲಿ ಸೇರಿದರೆ ಅದೇ ನಿಮ್ಮ ಕಾಲೇಜಿನ ವಿಮರ್ಶಾ ಗ್ರಂಥವಾದೀತು.

ಮುಂದಿನ ಸಲ ಯಾರಾದರೂ ‘ಹೇಗಿತ್ತು?’ ಎಂದು ಕೇಳಿದರೆ, ಉತ್ತರದ ಜೊತೆಗೆ ‘ಏಕೆಂದರೆ’ ಎಂಬ ಪದವನ್ನೂ ಸೇರಿಸಿ.