ಯಾರು ಹೇಳಿದ್ದು? – ಅಂಗೈಯ ಅರಳಿಕಟ್ಟೆಯಲ್ಲಿ ನಾವು

(ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಸಮಿತಿಯ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ನಿಧಿ ಸಂಗ್ರಹದ ಸಂಜೆ ಎಂದರೆ ಊಟಕ್ಕೆ ಮುಂಚೆ ಒಂದು ಭಾಷಣ ಇರಬೇಕು, ಆ ಭಾಷಣದಿಂದ ಊಟ ತಡವಾಗಬಾರದು. ಇವೆರಡೂ ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಬಿಸಿಬೇಳೆ ಭಾತ್ ಆರುವ ಮುನ್ನ ಮುಗಿಸುತ್ತೇವೆ ಎಂದು ಮಾತು ಕೊಡುತ್ತೇವೆ.

ಈ ಸಲ ಸಮಿತಿ ಆರಿಸಿಕೊಂಡ ವಿಷಯ ಸಾಮಾಜಿಕ ಜಾಲತಾಣಗಳು ಮತ್ತು ನಮ್ಮ ಬದುಕು. ದಾನಧರ್ಮಕ್ಕೂ ವಾಟ್ಸಾಪಿಗೂ ಏನು ಸಂಬಂಧ ಎಂದು ಕೆಲವರು ಕೇಳಿದರು. ಸಂಬಂಧ ಬಹಳ ಇದೆ. ಇಂದು ಒಬ್ಬರ ಕಷ್ಟ ನಮಗೆ ತಿಳಿಯುವುದು ಫೋನಿನ ಮೂಲಕ. ಒಬ್ಬರ ಮೇಲೆ ಸುಳ್ಳು ಹಬ್ಬುವುದೂ ಅದೇ ಫೋನಿನ ಮೂಲಕ. ಎರಡನ್ನೂ ಮುಂದಕ್ಕೆ ದಾಟಿಸುವುದು ನಮ್ಮ ಒಂದೇ ಹೆಬ್ಬೆರಳು.

ಮೊದಲು ಒಳ್ಳೆಯದನ್ನು ಹೇಳೋಣ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬ್ರಿಟನ್ನಿಗೆ ಬಂದ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗೆ ನೀಲಿ ಬಣ್ಣದ ಏರೋಗ್ರಾಮಿನ ಬೆಲೆ ಗೊತ್ತು. ಮಡಿಸುವ ಅಂಚಿನ ತನಕ ಅಕ್ಷರ ತುಂಬಿಸಿ ಕಳಿಸಿದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಊರಿನಲ್ಲಿ ಹುಟ್ಟಿದ ಮಗುವಿಗೆ ನಾಮಕರಣವೂ ಆಗಿಬಿಟ್ಟಿರುತ್ತಿತ್ತು. ಆಮೇಲೆ ಫೋನ್ ಕಾರ್ಡ್ ಬಂತು. 2004ರಲ್ಲಿ ಫೇಸ್‌ಬುಕ್ ಮತ್ತು ಆರ್ಕುಟ್ ಎರಡೂ ಹುಟ್ಟಿದವು. ನಮ್ಮವರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ಯಾಹೂ ಕಂಪನಿ ಬಿಟ್ಟು ಬಂದಿದ್ದ ಯಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ 2009ರಲ್ಲಿ ವಾಟ್ಸಾಪ್ ಆರಂಭಿಸಿದರು. ಐದೇ ವರ್ಷಗಳಲ್ಲಿ ಫೇಸ್‌ಬುಕ್ ಅದನ್ನು ಕೊಳ್ಳಲು ಒಪ್ಪಿದ ಬೆಲೆ 1,900 ಕೋಟಿ ಡಾಲರ್.

ಈ ಕಂಪನಿಗಳ ಲೆಕ್ಕ ಏನೇ ಇರಲಿ, ನಮಗಾದ ಲಾಭ ಸಣ್ಣದಲ್ಲ. ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಕನ್ನಡ ಓದಲು ಬಾರದಿರಬಹುದು. ಊರಿನಲ್ಲಿರುವ ಅಜ್ಜಿಗೆ ಇಂಗ್ಲಿಷ್ ಬಾರದಿರಬಹುದು. ಆದರೆ ಅಜ್ಜಿ ಧ್ವನಿಸಂದೇಶದಲ್ಲಿ "ಏನ್ ತಿಂದ್ಯೇ ಪುಟ್ಟಿ?" ಎಂದು ಕೇಳುತ್ತಾರೆ, ಮೊಮ್ಮಗಳು "ಚಪಾತಿ ಅಜ್ಜಿ" ಎನ್ನುತ್ತಾಳೆ. ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿರುವುದು ಹೀಗೆ. ಹೊಸದಾಗಿ ಬಂದ ವಿದ್ಯಾರ್ಥಿಗೆ ಬಾಡಿಗೆಗೆ ಕೋಣೆ, ನರ್ಸ್ ಕೆಲಸಕ್ಕೆ ಬಂದ ತಂಗಿಗೆ ಕನ್ನಡದ ಒಂದು ಮನೆ, ಇವೆಲ್ಲ ಒಂದು ಸಂದೇಶದಲ್ಲಿ ಸಿಗುತ್ತವೆ.

ಹಾಗೆಯೇ ನಮ್ಮ ಗುರುತೂ ಬದಲಾಗಿದೆ. ಒಬ್ಬೊಬ್ಬರೂ ಏಳೆಂಟು ಗುಂಪುಗಳಲ್ಲಿ ಇದ್ದೇವೆ: ಜಿಲ್ಲೆಯವರ ಗುಂಪು, ಜಾತಿಯವರ ಗುಂಪು, ಹೈಸ್ಕೂಲಿನ ಸಹಪಾಠಿಗಳ ಗುಂಪು, ಅಕ್ಕತಂಗಿಯರ ಗುಂಪು, ಕೊನೆಗೆ ಇಲ್ಲಿನ ಊರಿನ ಕನ್ನಡಿಗರ ಗುಂಪು. ದಾವಣಗೆರೆಯಲ್ಲಿ ಕರೆಂಟು ಹೋದದ್ದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಪಕ್ಕದ ಬೀದಿಯ ರಾಯರು ಮೂರು ವಾರದಿಂದ ಆಸ್ಪತ್ರೆಯಲ್ಲಿರುವುದು ಗೊತ್ತಾಗದೆ ಹೋಗಬಹುದು. ಹಿರಿಯರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಅವರು ಗುಂಪಿನಲ್ಲಿಲ್ಲ. ಗುಂಪಿನಲ್ಲಿಲ್ಲದಿದ್ದರೆ ಸಮುದಾಯದಲ್ಲೇ ಇಲ್ಲ ಎನ್ನುವಂತಾಗಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲೂ ಗಾಳಿಸುದ್ದಿ ಇತ್ತು. ಹಿಂದಿನವರೆಲ್ಲ ಸತ್ಯಹರಿಶ್ಚಂದ್ರರು ಎಂದು ನಾವು ಹೇಳುವುದಿಲ್ಲ. "ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರು" ಎಂಬ ಗಾದೆ ಫೋನ್ ಬರುವುದಕ್ಕೆ ಎಷ್ಟೋ ಮುಂಚಿನದು. ಆದರೆ ಕಟ್ಟೆಯ ಮೇಲೆ ಸುದ್ದಿ ತಂದವನ ಮುಖ ಕಾಣುತ್ತಿತ್ತು. "ಯಾರು ಹೇಳಿದ್ದು?" ಎಂದು ಒಬ್ಬ ಅಜ್ಜ ಕೇಳಿದರೆ ಅವನು ಉತ್ತರ ಕೊಡಬೇಕಿತ್ತು. ಅಂಗೈಯಲ್ಲಿರುವ ಈ ಹೊಸ ಕಟ್ಟೆಯಲ್ಲಿ ಸಂದೇಶ ಕಳಿಸಿದವರು ನಮ್ಮ ಚಿಕ್ಕಪ್ಪ, ಬರೆದವರು ಯಾರೋ. ಚಿಕ್ಕಪ್ಪನ ಮೇಲಿನ ನಂಬಿಕೆಯನ್ನು ನಾವು ಆ ಗುರುತಿಲ್ಲದವನ ಮಾತಿಗೆ ಕೊಟ್ಟುಬಿಡುತ್ತೇವೆ. ಸುಳ್ಳು ಓಡಾಡುವುದು ಈ ಎರವಲು ನಂಬಿಕೆಯ ಮೇಲೆ.

ಇದು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಮ್ಮ ಕರ್ನಾಟಕವೇ ನೋಡಿದೆ. 2012ರ ಜುಲೈನಲ್ಲಿ ಅಸ್ಸಾಮಿನಲ್ಲಿ ಗಲಭೆಯಾಯಿತು. ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಬೇರೆಲ್ಲೋ, ಬೇರೆ ಯಾವಾಗಲೋ ತೆಗೆದ ಚಿತ್ರಗಳನ್ನು ಅಸ್ಸಾಮಿನವು ಎಂದು ಅಂತರ್ಜಾಲದಲ್ಲಿ ಹಂಚಲಾಗಿತ್ತು. ಹೋಟೆಲುಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ, ಕಾವಲು ಕೆಲಸದಲ್ಲಿ ದುಡಿಯುತ್ತಿದ್ದ ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕ ಚೀಲ ಹಿಡಿದು ಬೆಂಗಳೂರು ರೈಲು ನಿಲ್ದಾಣಕ್ಕೆ ಬಂದರು. ಗುವಾಹಾಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಐದಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು 15 ದಿನ ನಿಷೇಧಿಸಿತು.

ಆರು ವರ್ಷಗಳ ನಂತರ ಆದದ್ದು ಇನ್ನೂ ಘೋರ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಒಂದು ಕಿರುಚಿತ್ರ ಮಾಡಿತ್ತು. ಅದು ನಟನೆ ಎಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ, ಮಕ್ಕಳ ಕಳ್ಳರ ನಿಜವಾದ ದೃಶ್ಯ ಎಂದು ಭಾರತದಲ್ಲಿ ಹಬ್ಬಿಸಿದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೂ ಇದೇ ಗತಿಯಾಯಿತು. ಅವರೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದರು. ಅಷ್ಟಕ್ಕೇ ಅನುಮಾನ ಬಂತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೆ, ವಾಟ್ಸಾಪ್ ಸಂದೇಶ ಕಾರಿಗಿಂತ ಮುಂಚೆ ಮುಂದಿನ ಹಳ್ಳಿ ತಲುಪಿತ್ತು. ಜೊತೆಗಿದ್ದ ಗೆಳೆಯರಲ್ಲಿ ಒಬ್ಬರು ಕತಾರ್ ದೇಶದವರು. ಊರಿಗೆ ಹೋಗುವಾಗ ಚಾಕೊಲೇಟ್ ಒಯ್ದು ಮಕ್ಕಳ ಕೈಗೆ ಕೊಡುವುದು ಪರದೇಶದಲ್ಲಿರುವ ನಮಗೆಲ್ಲ ಎಷ್ಟು ಸಹಜವಾದ ಕೆಲಸ ಎಂದು ಯೋಚಿಸಿ ನೋಡಿ.

ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ತರುವುದಾಗಿ ಹೇಳಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಬಹಳ ಸಲ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸುವಂತೆ ಮಾಡಿದರು. ಯಂತ್ರಕ್ಕೆ ಬೇಲಿ ಹಾಕಬಹುದು. ಬೆರಳಿಗೆ ಬೇಲಿ ಹಾಕಬೇಕಾದವರು ನಾವೇ.

ಇದೆಲ್ಲ ಅಲ್ಲಿನ ಕಥೆ, ಇಲ್ಲಿ ನಮಗೇಕೆ ಎನ್ನುವ ಹಾಗಿಲ್ಲ. 2024ರ ಜುಲೈ 29ರಂದು ಸೌತ್‌ಪೋರ್ಟಿನ ನೃತ್ಯ ತರಗತಿಯೊಂದರಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಬಂಧಿತ ಹುಡುಗನಿಗೆ 17 ವರ್ಷವಾದ್ದರಿಂದ ಹೆಸರು ಹೊರಬಂದಿರಲಿಲ್ಲ. ಆ ಖಾಲಿ ಜಾಗದಲ್ಲಿ ಜಾಲತಾಣಗಳು ಒಂದು ಕಟ್ಟುಕಥೆಯ ಹೆಸರನ್ನು ತುಂಬಿದವು. ಅವನು ದೋಣಿಯಲ್ಲಿ ಬಂದ ನಿರಾಶ್ರಿತ ಎಂದವು. ವಾಸ್ತವದಲ್ಲಿ ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಮರುದಿನ ಸಂಜೆ ಸೌತ್‌ಪೋರ್ಟಿನ ಮಸೀದಿಯ ಮೇಲೆ ದಾಳಿಯಾಯಿತು. ಗಲಭೆ ಹಲವು ಊರುಗಳಿಗೆ ಹಬ್ಬಿತು. ಆಗಸ್ಟ್ 4ರಂದು ರಾದರಮ್ ಬಳಿ ನಿರಾಶ್ರಿತರು ತಂಗಿದ್ದ ಹೋಟೆಲಿಗೆ ಬೆಂಕಿ ಹಚ್ಚುವ ಪ್ರಯತ್ನ ನಡೆಯಿತು. ಭಾರತದಿಂದ ಬರುವವರು ಎಚ್ಚರದಿಂದಿರಬೇಕೆಂದು ಲಂಡನ್ನಿನ ಭಾರತೀಯ ಹೈಕಮಿಷನ್ ಸೂಚನೆ ಹೊರಡಿಸಿತು. ಆ ವಾರ ನಮ್ಮ ಮನೆಗಳಲ್ಲಿ "ಕತ್ತಲಾದ ಮೇಲೆ ಹೊರಗೆ ಹೋಗಬೇಡಪ್ಪ" ಎಂಬ ಮಾತು ಕೇಳಿಬಂತು. ಹಾಗೆಯೇ ಆಗಸ್ಟ್ 7ರಂದು ದಾಳಿಯಾಗಲಿದೆ ಎಂದು ಹರಡಿದ್ದ ಪಟ್ಟಿಯಲ್ಲಿನ ಎಷ್ಟೋ ಜಾಗಗಳಲ್ಲಿ ದಾಳಿಕೋರರು ಬರಲಿಲ್ಲ. ದ್ವೇಷ ಬೇಡ ಎನ್ನಲು ಸಾವಿರಾರು ಸಾಮಾನ್ಯ ಜನ ಬೀದಿಗೆ ಬಂದರು ಎಂಬುದನ್ನೂ ನೆನೆಯಬೇಕು.

ಬೆಂಗಳೂರಿನ ಅಸ್ಸಾಮಿ ಹುಡುಗ, ಚಾಮರಾಜಪೇಟೆಯ ರಾಜಸ್ಥಾನಿ, ಬೀದರಿನ ಹೈದರಾಬಾದಿ: ಎಲ್ಲರೂ ಆ ಜಾಗಕ್ಕೆ ಹೊರಗಿನವರು. ಸುಳ್ಳು ಸುದ್ದಿ ಮೊದಲು ಬಡಿಯುವುದು ಹೊರಗಿನವರನ್ನು. ಈ ದೇಶದಲ್ಲಿ ಎಷ್ಟೇ ವರ್ಷ ಕಳೆದಿದ್ದರೂ, ಕೆಲವರ ಕಣ್ಣಿಗೆ ನಾವು ಹೊರಗಿನವರೇ. ಆದ್ದರಿಂದ ಯಾವುದೇ ಧರ್ಮದ, ಊರಿನ, ಭಾಷೆಯ ಜನರ ಮೇಲೆ ಸಿಟ್ಟು ಬರಿಸುವ ಸಂದೇಶ ನಮ್ಮ ಗುಂಪಿಗೆ ಬಂದಾಗ, ಆ ಸಾಲಿನಲ್ಲಿ ನಮ್ಮ ಹೆಸರನ್ನೇ ಇಟ್ಟು ಒಮ್ಮೆ ಓದಿ ನೋಡಬೇಕು.

ಕೆಟ್ಟ ಸುದ್ದಿಗೆ ಅನ್ವಯವಾಗುವ ಪ್ರಶ್ನೆಯೇ ಸಹಾಯದ ಮನವಿಗೂ ಅನ್ವಯವಾಗುತ್ತದೆ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಹಾಸಿಗೆ, ಆಮ್ಲಜನಕ ಸಿಗದೆ ಜನ ಪರದಾಡಿದಾಗ ನೂರಾರು ಫೋನ್ ನಂಬರುಗಳು ಹರಿದಾಡಿದವು. ಅದರಲ್ಲಿ ಎಷ್ಟೋ ನಂಬರುಗಳಿಗೆ ಉತ್ತರವೇ ಇರಲಿಲ್ಲ. ಆಗ ನಿಜವಾಗಿ ಜೀವ ಉಳಿಸಿದವರು, ಪ್ರತಿ ನಂಬರಿಗೂ ಕರೆ ಮಾಡಿ, "ಇಷ್ಟು ಗಂಟೆಗೆ ವಿಚಾರಿಸಿದ್ದೇವೆ, ಹಾಸಿಗೆ ಇದೆ" ಎಂದು ಬರೆದು ಹಂಚಿದ ಸ್ವಯಂಸೇವಕರು. ವಿಚಾರಿಸುವುದೂ ಒಂದು ಸೇವೆ. ಮಗುವಿನ ಚಿಕಿತ್ಸೆಗೆ ರಕ್ತ ಬೇಕು, ಹಣ ಬೇಕು ಎಂಬ ಹಳೆಯ ಮನವಿಗಳು ತಾರೀಖಿಲ್ಲದೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತವೆ. ಅವುಗಳಿಂದ ಆಗುವ ದೊಡ್ಡ ನಷ್ಟ ಹಣದ್ದಲ್ಲ. ಒಮ್ಮೆ ಮೋಸ ಹೋದವರು ಮುಂದಿನ ನಿಜವಾದ ಕಷ್ಟಕ್ಕೂ ಕೈ ಮುಚ್ಚುತ್ತಾರೆ.

"ಹಣ ಕಳಿಸಲು ನಿಮಗೇಕೆ ಇಷ್ಟು ದಿನ ಬೇಕು, ನಾವು ಗುಂಪಿನಲ್ಲೇ ಕೂಡಿಸಿಬಿಡುತ್ತಿದ್ದೆವು" ಎಂದು ನಮ್ಮನ್ನು ಕೇಳುವವರಿದ್ದಾರೆ. ಅದಕ್ಕೆ ಕಾರಣ ಹೇಳುತ್ತೇವೆ. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು, ಓಸಿಐ ಕಾರ್ಡ್ ಇದ್ದರೂ ಸರಿ, ಭಾರತದ ಸಂಸ್ಥೆಗೆ ಕೊಡುವ ದಾನ ಅಲ್ಲಿನ ಕಾನೂನಿನ ಪ್ರಕಾರ ವಿದೇಶಿ ವಂತಿಗೆ. ಅದನ್ನು ಪಡೆಯಲು ಆ ಸಂಸ್ಥೆಗೆ 2010ರ ವಿದೇಶಿ ವಂತಿಗೆ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಸಂಸ್ಥೆಯ ಹೆಸರು ಹೇಳಿ ಯಾರದೋ ಸ್ವಂತ ಖಾತೆಗೆ ಹಣ ಕೇಳಿದರೆ ಅಲ್ಲೇ ನಿಲ್ಲಬೇಕು. ಇಲ್ಲಿನ ಸಂಸ್ಥೆಯಾದರೆ ನೋಂದಣಿ ಸಂಖ್ಯೆ ಕೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮದನ್ನೂ ನೋಡಿ, ನಮಗೆ ಸಂತೋಷವೇ.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ನಾವು ಕಳಿಸುವ ಪ್ರತಿ ಮನವಿಯಲ್ಲೂ ತಾರೀಖು, ಬೇಕಾದ ಮೊತ್ತ, ವಿಚಾರಿಸಿದ ಸದಸ್ಯರ ಹೆಸರು ಇರುತ್ತದೆ. ಮೊತ್ತ ಕೂಡಿದ ದಿನ "ಸಾಕು, ಇನ್ನು ಕಳಿಸಬೇಡಿ" ಎಂಬ ಸಂದೇಶವೂ ಬರುತ್ತದೆ.

ನಿಮ್ಮಲ್ಲಿ ನಮ್ಮ ಕೋರಿಕೆ ಮೂರು. ಒಂದು, ಸಂದೇಶದ ಮೇಲೆ ಜೋಡಿ ಬಾಣದ ಗುರುತು ಕಂಡರೆ ಅದು ಹಲವು ಕೈ ದಾಟಿ ಬಂದದ್ದು, ದಾಟಿಸುವ ಮೊದಲು "ಯಾರು ಹೇಳಿದ್ದು?" ಎಂದು ಕೇಳಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪರದೆಯ ಮೇಲೆ ಕಂಡದ್ದಕ್ಕಂತೂ ಪ್ರಮಾಣ ಬೇಕೇ ಬೇಕು. ಎರಡು, ಹಿರಿಯರು ಸುಳ್ಳು ಸುದ್ದಿ ಕಳಿಸಿದರೆ ಗುಂಪಿನಲ್ಲಿ ನಗೆಪಾಟಲು ಮಾಡಬೇಡಿ. ಪಕ್ಕಕ್ಕೆ ಕರೆ ಮಾಡಿ, "ಚಿಕ್ಕಪ್ಪ, ಇದನ್ನ ವಿಚಾರಿಸಿದೆ, ನಿಜ ಅಲ್ವಂತೆ" ಎಂದರೆ ಅವರೇ ಅಳಿಸುತ್ತಾರೆ. ಆ ನೆಪದಲ್ಲಿ ಒಂದಿಷ್ಟು ಮಾತೂ ಆಗುತ್ತದೆ. ಮೂರು, "ಬೇಗ ಗುಣವಾಗಲಿ" ಎಂದು ಕೈಮುಗಿಯುವ ಚಿತ್ರ ಹಾಕಿದ ಮೇಲೆ, ಆ ಮನೆಗೆ ಒಬ್ಬರಾದರೂ ಅನ್ನ ಸಾರು ಹಿಡಿದು ಹೋಗಿ. ನೂರು ಕೈಮುಗಿಯುವ ಚಿತ್ರಗಳಿಂದ ಒಂದು ಹೊತ್ತಿನ ಅಡುಗೆ ಆಗುವುದಿಲ್ಲ.

ಕೊನೆಯದಾಗಿ, ಈ ಸಂಜೆಯ ಕಾರಣವನ್ನು ಮರೆಯಬಾರದಲ್ಲ. ಮೇಜಿನ ಮೇಲೆ ಗಿಫ್ಟ್ ಏಡ್ ಚೀಟಿಗಳಿವೆ. ಇಲ್ಲಿ ಸಾಕಷ್ಟು ತೆರಿಗೆ ಕಟ್ಟುವವರು ಅದಕ್ಕೆ ಸಹಿ ಹಾಕಿದರೆ, ನೀವು ಕೊಡುವ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ನಿಮ್ಮ 100 ಪೌಂಡು ನಿಮಗೆ ಹೆಚ್ಚಿನ ಖರ್ಚಿಲ್ಲದೆ 125 ಆಗುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಚೀಟಿಯಲ್ಲಿ ಹೆಸರು, ವಿಳಾಸ ಸ್ಪಷ್ಟವಾಗಿ ಬರೆಯಿರಿ. ಹಣ ಎಲ್ಲಿಗೆ ಹೋಯಿತು ಎಂದು ಮುಂದಿನ ವರ್ಷ ಇದೇ ಸಭೆಯಲ್ಲಿ ನಮ್ಮನ್ನು ಎದ್ದು ನಿಂತು ಕೇಳಿ. ಉತ್ತರ ಹೇಳಲು ನಾವು ಇಲ್ಲೇ ಇರುತ್ತೇವೆ.

 ಊಟಕ್ಕೆ ಏಳೋಣ. ಸಿರಿಗನ್ನಡಂ ಗೆಲ್ಗೆ.